ಡಾಕ್ಟ್ರೇ, ಡೇಟ್ ಕೊಡಿ

(ಕಳೆದ ತಿಂಗಳು ದಾವಣಗೆರೆಯ ಒಂದು ಸಣ್ಣ ಸಭಾಂಗಣದಲ್ಲಿ ಆಡಿದ ಮಾತು ಇದು. ಜಾಸ್ತಿ ತೂಕ ಇಳಿಸಿಕೊಂಡವರು, ಅವರ ಮನೆಯವರು ಬಂದಿದ್ದರು. ಅಲ್ಲಿ ಹೇಳಲು ಮರೆತ ಒಂದೆರಡು ವಿಷಯ ಬರೆಯುವಾಗ ಸೇರಿಸಿದ್ದೇನೆ. ರೋಗಿಗಳ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆ ಅಲ್ವಾ? ಫ್ಯಾನ್ ಸದ್ದು ಜಾಸ್ತಿ ಇದೆ, ಜೋರಾಗಿಯೇ ಮಾತಾಡುತ್ತೇನೆ.

ನಾನು ಪ್ಲಾಸ್ಟಿಕ್ ಸರ್ಜನ್. ತೂಕ ಇಳಿದ ಮೇಲೆ ಜೋತುಬೀಳುವ ಚರ್ಮ ತೆಗೆಯುವ ಆಪರೇಷನ್ ಮಾಡುತ್ತೇನೆ. ತೂಕ ಇಳಿಸಿಕೊಂಡು ನನ್ನ ಹತ್ತಿರ ಬರುವವರ ಮೊದಲ ಮಾತು ಹೆಚ್ಚಾಗಿ ಒಂದೇ. "ಡಾಕ್ಟ್ರೇ, ಡೇಟ್ ಕೊಡಿ." ಒಮ್ಮೆ ಶಾಲಾ ಶಿಕ್ಷಕಿಯೊಬ್ಬರು ಬಂದರು. 118 ಕಿಲೋ ಇದ್ದವರು. ಜಠರದ ಬಹುಭಾಗ ಕತ್ತರಿಸಿ ಸಣ್ಣ ಕೊಳವೆಯ ಹಾಗೆ ಮಾಡುವ ಸ್ಲೀವ್ ಆಪರೇಷನ್ ಆಗಿ ಎಂಟು ತಿಂಗಳಲ್ಲಿ 79ಕ್ಕೆ ಇಳಿದಿದ್ದರು. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತ್ತು. ಮೊಣಕಾಲು ನೋವು ಹೋಗಿತ್ತು. ಆದರೆ ಹೊಟ್ಟೆಯ ಚರ್ಮ ಸಡಿಲ ಚೀಲದ ಹಾಗೆ ಜೋತುಬಿದ್ದಿತ್ತು. ತೋಳಿನ ಚರ್ಮ ರವಿಕೆಯ ತೋಳಿನೊಳಗೆ ಹಿಡಿಸುತ್ತಿರಲಿಲ್ಲ. "ಫೆಬ್ರವರಿಯಲ್ಲಿ ಮಗಳ ಮದುವೆ. ಅಷ್ಟರೊಳಗೆ ಹೊಟ್ಟೆ, ತೋಳು, ತೊಡೆ ಎಲ್ಲ ಮುಗಿಸಿಬಿಡಿ" ಅಂದರು. ಅವತ್ತು ನವೆಂಬರ್ ತಿಂಗಳು.

ನಾನು ಆಗಲ್ಲ ಅಂದೆ. ಅವರಿಗೆ ಬೇಜಾರಾಯಿತು. ಯಾಕೆ ಆಗಲ್ಲ ಅಂದೆ ಅನ್ನುವುದನ್ನೇ ಇವತ್ತು ನಿಮಗೆ ಹೇಳಬೇಕು. ಈ ಆಪರೇಷನ್ನಿನ ತಾರೀಖು ಹಾಕುವುದು ನಾನೂ ಅಲ್ಲ, ಕಲ್ಯಾಣ ಮಂಟಪದವರೂ ಅಲ್ಲ. ಅದನ್ನು ಹಾಕುವವರು ಬೇರೆ ಇದ್ದಾರೆ.

ಮೊದಲು ಈ ಚರ್ಮದ ಕಥೆ. ಚರ್ಮದ ಒಳಪದರದಲ್ಲಿ ಕೊಲಾಜನ್, ಎಲಾಸ್ಟಿನ್ ಅಂತ ಎರಡು ಬಗೆಯ ನಾರುಗಳಿವೆ. ಒಂದು ಗಟ್ಟಿತನ ಕೊಡುತ್ತದೆ. ಇನ್ನೊಂದು ಎಳೆದು ಬಿಟ್ಟರೆ ವಾಪಸ್ ಬರುವ ಗುಣ ಕೊಡುತ್ತದೆ. ಹತ್ತು ಹದಿನೈದು ವರ್ಷ ಒಳಗಿನ ಕೊಬ್ಬು ಚರ್ಮವನ್ನು ಹಿಗ್ಗಿಸುತ್ತಲೇ ಇದ್ದರೆ ಈ ನಾರುಗಳು ಹರಿಯುತ್ತವೆ. ಹೊಟ್ಟೆ, ತೊಡೆಯ ಮೇಲೆ ಬಿಳಿ ಗೆರೆ ಕಾಣುತ್ತಲ್ಲ, ಅದು ಹಾಗೆ ಹರಿದ ಜಾಗದ ಗುರುತು. ಹಳೇ ಪೈಜಾಮದ ಎಲಾಸ್ಟಿಕ್ ಒಮ್ಮೆ ಸತ್ತರೆ ಸತ್ತ ಹಾಗೆಯೇ. ಕ್ರೀಮ್ ಹಚ್ಚಿದರೆ, ಎಣ್ಣೆ ತಿಕ್ಕಿದರೆ ಅದು ಬಿಗಿಯಾಗುವುದಿಲ್ಲ. ಜಿಮ್ಮಿಗೆ ಹೋದರೆ ಒಳಗಿನ ಸ್ನಾಯು ತುಂಬಿಕೊಳ್ಳುತ್ತದೆ, ಅದು ಒಳ್ಳೆಯದೇ. ಚರ್ಮ ಮಾತ್ರ ಉಳಿದೇ ಉಳಿಯುತ್ತದೆ. ಹಾಗಾಗಿ ಯಾರಾದರೂ ನಿಮಗೆ "ನೀನು ಸರಿಯಾಗಿ ವ್ಯಾಯಾಮ ಮಾಡಿಲ್ಲ, ಅದಕ್ಕೇ ಹೀಗೆ" ಅಂದರೆ ತಲೆ ಕೆಡಿಸಿಕೊಳ್ಳಬೇಡಿ.

ಇದು ಬರೀ ಚಂದದ ಪ್ರಶ್ನೆ ಅನ್ನುವವರಿಗೆ ಒಂದು ಬೇಸಿಗೆ ಈ ಚರ್ಮ ಹೊತ್ತು ಬದುಕಿ ನೋಡಿ ಅನ್ನುತ್ತೇನೆ. ಚರ್ಮದ ಮಡಿಕೆಯ ಒಳಗೆ ಬೆವರು ನಿಲ್ಲುತ್ತದೆ. ಚರ್ಮಕ್ಕೆ ಚರ್ಮ ಉಜ್ಜಿ ಕೆಂಪಾಗುತ್ತದೆ. ಅಲ್ಲಿ ಫಂಗಸ್ ಬೆಳೆಯುತ್ತದೆ, ನವೆ, ವಾಸನೆ. ಲಂಗದ ಲಾಡಿ ಸರಿಯಾಗಿ ಅದೇ ಮಡಿಕೆಯಲ್ಲಿ ಕೂರುತ್ತದೆ. ನಾಚಿಕೊಂಡು ಯಾರಿಗೂ ಹೇಳದೆ ಮೆಡಿಕಲ್ ಶಾಪಿಗೆ ಹೋಗಿ "ನವೆಗೆ ಏನಾದ್ರೂ ಕೊಡಪ್ಪ" ಅಂತೀರಿ. ಅವರು ಕೊಡುವ ಮಿಕ್ಸ್ ಕ್ರೀಮಿನಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ಹಾಯೆನಿಸುತ್ತದೆ. ಆಮೇಲೆ ಚರ್ಮ ಇನ್ನೂ ತೆಳುವಾಗುತ್ತದೆ, ಫಂಗಸ್ ಇನ್ನೂ ಹರಡುತ್ತದೆ. ಈ ಒಂದು ಕ್ರೀಮ್ ಬಿಟ್ಟು ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದರೆ ನನ್ನ ಕೆಲಸ ಅರ್ಧ ಸುಲಭ. ಅವರ ಚೀಟಿ, ಹುಣ್ಣಿನ ಫೋಟೋ ಎಲ್ಲ ತಾರೀಖಿನ ಸಮೇತ ಇಟ್ಟುಕೊಳ್ಳಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ತಾರೀಖು ಹಾಕುವವರ ವಿಷಯ. ಮೊದಲನೆಯದು ತೂಕದ ಯಂತ್ರ.

ನಿಮ್ಮ ಮನೆಯ ಹುಡುಗನಿಗೆ ಸ್ಕೂಲ್ ಯೂನಿಫಾರಂ ಹೊಲಿಸುವಾಗ ದರ್ಜಿ ಏನು ಕೇಳುತ್ತಾನೆ? "ಬೆಳೀತಾ ಇದಾನೆ, ಸ್ವಲ್ಪ ಲೂಸ್ ಇಡ್ಲಾ?" ಬೆಳೆಯುವ ಮೈಗೆ ಬಿಗಿ ಅಳತೆ ತೆಗೆಯಬಾರದು ಅಂತ ಅವನಿಗೆ ಗೊತ್ತು. ಇಳಿಯುವ ಮೈಗೂ ಅದೇ ಮಾತು. ಇನ್ನೂ ತೂಕ ಇಳಿಯುತ್ತಿರುವಾಗ ಚರ್ಮ ಕತ್ತರಿಸಿ ಹೊಲಿದರೆ ಆರು ತಿಂಗಳಲ್ಲಿ ಮತ್ತೆ ಸಡಿಲ. ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಕೆಲಸ ಶುರುಮಾಡಿದ ಹೊಸತರಲ್ಲಿ ಒಬ್ಬ ಯುವಕನ ಒತ್ತಾಯಕ್ಕೆ ಮಣಿದು ಬೇಗ ಆಪರೇಷನ್ ಮಾಡಿದೆ. ಅವನ ನಿಶ್ಚಿತಾರ್ಥ ಇತ್ತು. ಆಮೇಲೆ ಅವನು ಇನ್ನೂ 11 ಕಿಲೋ ಇಳಿದ. ಹೊಟ್ಟೆ ಮತ್ತೆ ಜೋತುಬಿತ್ತು. ಎರಡನೇ ಸಲ ಮೇಜಿನ ಮೇಲೆ ಮಲಗಿಸಬೇಕಾಯಿತು. ತಪ್ಪು ನನ್ನದೇ.

ಹಾಗಾಗಿ ಬ್ಯಾರಿಯಾಟ್ರಿಕ್ ಆಪರೇಷನ್, ಅಂದರೆ ತೂಕ ಇಳಿಸುವ ಆಪರೇಷನ್ ಆದವರು ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಬೇಕು. ಅದರಲ್ಲಿ ಕೊನೆಯ ಮೂರರಿಂದ ಆರು ತಿಂಗಳು ತೂಕ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರಬೇಕು. ಊಟ, ನಡಿಗೆಯಿಂದಲೇ ಇಳಿಸಿದವರಿಗೂ ಈ ನಿಲ್ಲುವ ಕಾಲ ಬೇಕೇ ಬೇಕು. ಹಾಲಿನ ಲೆಕ್ಕ ಬರೆಯಲು ಅಡುಗೆಮನೆಯಲ್ಲಿ ಕ್ಯಾಲೆಂಡರ್ ನೇತುಹಾಕಿರುತ್ತೀರಲ್ಲ, ಅದರಲ್ಲೇ ವಾರಕ್ಕೊಮ್ಮೆ ತೂಕ ಬರೆಯಿರಿ. ಅದೇ ಯಂತ್ರ, ಬೆಳಿಗ್ಗೆ ಅದೇ ಹೊತ್ತು. ಎರಡು ಮೂರು ಕಿಲೋ ಆಚೀಚೆ ಆದರೆ ಚಿಂತೆ ಇಲ್ಲ. ನನ್ನ ಹತ್ತಿರ ಬರುವಾಗ ಆ ಹಾಳೆಗಳನ್ನು ಹರಿದು ತನ್ನಿ.

ಎಷ್ಟು ತೂಕಕ್ಕೆ ನಿಂತಿದೆ ಅನ್ನುವುದೂ ಮುಖ್ಯ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 30ಕ್ಕಿಂತ ಕೆಳಗಿದ್ದರೆ ಗಾಯ ಮಾಯುವುದೂ ಚೆನ್ನ, ಆಕಾರವೂ ಚೆನ್ನ. 160 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 77 ಕಿಲೋ. ಅದಕ್ಕಿಂತ ಮೇಲಿದ್ದರೆ ಬಾಗಿಲು ಮುಚ್ಚಿತು ಅಂತಲ್ಲ. ಹೊಟ್ಟೆಯ ಚರ್ಮ ತೊಡೆವರೆಗೆ ಇಳಿದು ನಡೆಯಲು ಆಗದವರಿಗೆ, ಹುಣ್ಣು ಮಾಯದವರಿಗೆ ಆ ಜೋತುಬಿದ್ದ ಭಾಗವನ್ನು ಮಾತ್ರ ತೆಗೆಯುತ್ತೇವೆ. ಆದರೆ ಅಪಾಯ ಜಾಸ್ತಿ ಅಂತ ಮೊದಲೇ ಹೇಳುತ್ತೇವೆ. ಇನ್ನೊಂದು ಮಾತು. ಚರ್ಮ ತೆಗೆದರೆ ಹತ್ತಿಪ್ಪತ್ತು ಕಿಲೋ ಇಳಿಯುತ್ತದೆ ಅಂದುಕೊಂಡು ಬರುವವರಿದ್ದಾರೆ. ಸಾಮಾನ್ಯವಾಗಿ ಇಳಿಯುವುದು ಕೆಲವೇ ಕಿಲೋ.

ಈಗ ಹೊಸ ಪ್ರಶ್ನೆ ಶುರುವಾಗಿದೆ. ವಾರಕ್ಕೊಂದು ಇಂಜೆಕ್ಷನ್ ತಗೊಂಡು ತೂಕ ಇಳಿಸುವವರದು. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಇವೆಲ್ಲ. 2025ರಲ್ಲಿ ಇವು ಮೌಂಜಾರೊ, ವೆಗೊವಿ ಅನ್ನುವ ಹೆಸರಿನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಮೇಲೆ ನನ್ನ ಕೋಣೆಯಲ್ಲೂ ಇವರ ಸಂಖ್ಯೆ ಏರಿದೆ. ಇವರಿಗೆ ನಾನು ಕೇಳುವುದು ಎರಡೇ. ಒಂದು, ಔಷಧಿ ಮುಂದುವರಿಸುತ್ತೀರೋ ನಿಲ್ಲಿಸುತ್ತೀರೋ? ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನದಲ್ಲಿ ಇಳಿದ ತೂಕದ ಸುಮಾರು ಮೂರನೇ ಎರಡು ಪಾಲು ವಾಪಸ್ ಬಂದಿತ್ತು. ಹೊಲಿದ ಚರ್ಮದೊಳಗೆ ಮತ್ತೆ ಕೊಬ್ಬು ತುಂಬಿದರೆ ಏನು ಪ್ರಯೋಜನ? ಎರಡು, ಅರಿವಳಿಕೆ ಡಾಕ್ಟರಿಗೆ ಈ ಇಂಜೆಕ್ಷನ್ ವಿಷಯ ಹೇಳಿದ್ದೀರಾ? ಇದು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ರಾತ್ರಿಯಿಂದ ಉಪವಾಸ ಇದ್ದರೂ ಒಳಗೆ ಊಟ ಉಳಿದಿರಬಹುದು. ಅರಿವಳಿಕೆ ಕೊಡುವಾಗ ಅದು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಕುತ್ತು. ಯಾವಾಗ ನಿಲ್ಲಿಸಬೇಕು, ಎಷ್ಟು ಹೊತ್ತು ಬರೀ ನೀರಾಹಾರದಲ್ಲಿ ಇರಬೇಕು ಅಂತ ಅವರು ಹೇಳುತ್ತಾರೆ. ಗಂಡನಿಗೆ ಗೊತ್ತಾಗದ ಹಾಗೆ ಇಂಜೆಕ್ಷನ್ ತಗೊಳ್ಳುವವರೂ ಇದ್ದಾರೆ. ಇರಲಿ. ಡಾಕ್ಟರಿಗೆ ಮುಚ್ಚಿಡಬೇಡಿ.

ಎರಡನೆಯದು ರಕ್ತದ ರಿಪೋರ್ಟು. ನನ್ನ ಪ್ರಕಾರ ಜನ ತೀರಾ ಹಗುರಾಗಿ ತಗೊಳ್ಳುವುದು ಇದನ್ನೇ.

ಹೊಟ್ಟೆಯ ಸುತ್ತ ಹಾಕುವ ಹೊಲಿಗೆ ಒಂದು ಸೊಂಟದ ಎಲುಬಿನಿಂದ ಇನ್ನೊಂದರವರೆಗೆ ಬರುತ್ತದೆ. ಬೆನ್ನೂ ಸೇರಿದರೆ ಡಾಬಿನ ಹಾಗೆ ಪೂರ್ತಿ ಒಂದು ಸುತ್ತು. ಅಷ್ಟು ಉದ್ದದ ಗಾಯ ಕೂಡಬೇಕಾದರೆ ಮೈಯಲ್ಲಿ ಸಾಮಾನು ಇರಬೇಕು. ತೂಕ ಇಳಿಸಿಕೊಂಡವರಲ್ಲಿ ಆ ಸಾಮಾನೇ ಕಡಿಮೆ. ಊಟ ಕರುಳಿನ ಒಂದು ಭಾಗ ತಪ್ಪಿಸಿ ಹೋಗುವ ಹಾಗೆ ಮಾಡುವ ಜಠರದ ಬೈಪಾಸ್ ಆದವರಿಗೆ ಕಬ್ಬಿಣ, ಬಿ12 ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸ್ಲೀವ್ ಆದವರ ಊಟವೇ ನಾಲ್ಕು ತುತ್ತು. ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಫೋಲೇಟ್, ವಿಟಮಿನ್ ಡಿ, ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್), ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ಸಕ್ಕರೆ, ಇಷ್ಟನ್ನು ಆಪರೇಷನ್ನಿನ ಎರಡು ಮೂರು ತಿಂಗಳ ಮುಂಚೆಯೇ ನೋಡುತ್ತೇನೆ. ಹಿಂದಿನ ವಾರ ನೋಡಿದರೆ ಸರಿಪಡಿಸಲು ಟೈಮ್ ಇರುವುದಿಲ್ಲ. ಆ ಶಿಕ್ಷಕಿಯ ಹಿಮೋಗ್ಲೋಬಿನ್ 8.9 ಇತ್ತು. ಮದುವೆ ಓಡಾಟಕ್ಕೇ ಸಾಲದ ರಕ್ತ ಅದು.

ಪ್ರೋಟೀನ್ ದಿನಕ್ಕೆ ಕನಿಷ್ಠ 60ರಿಂದ 80 ಗ್ರಾಂ ಬೇಕು. ಅನ್ನ ಸಾರು ಉಣ್ಣುವ ನಮಗೆ ಇದು ಎಷ್ಟು ಕಷ್ಟ ಅಂತ ಲೆಕ್ಕ ಹಾಕಿ ನೋಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲಿ ಆರೇಳು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಏಳು. ಒಂದು ಬಟ್ಟಲು ಗಟ್ಟಿ ಬೇಳೆಯಲ್ಲಿ ಆರೇಳು, ಆದರೆ ನೀವು ಉಣ್ಣುವುದು ತಿಳಿ ಸಾರು! 100 ಗ್ರಾಂ ಪನೀರಿನಲ್ಲಿ ಸುಮಾರು 18. ಒಣ ಸೋಯಾ ಚಂಕ್ಸ್ 100 ಗ್ರಾಮಿಗೆ 50ರ ಆಸುಪಾಸು. ಮಾಂಸ ತಿನ್ನುವವರಿಗೆ ಸ್ವಲ್ಪ ಸುಲಭ. ಸಸ್ಯಾಹಾರಿಗಳು ಕಾಳು ಪಲ್ಯ, ಮೊಸರು, ಪನೀರು, ಶೇಂಗಾ, ಬೇಕಾದರೆ ಪ್ರೋಟೀನ್ ಪುಡಿ ಅಂತ ಮೊದಲೇ ಪ್ಲಾನ್ ಮಾಡಬೇಕು. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ.

ಕಬ್ಬಿಣದ ಮಾತ್ರೆಯ ಜೊತೆ ಕ್ಯಾಲ್ಸಿಯಂ ಮಾತ್ರೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಊಟ ಆದ ತಕ್ಷಣ ಕಾಫಿ ಕುಡಿದರೂ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಇದನ್ನು ಹೇಳಿದಾಗಲೆಲ್ಲ ಒಬ್ಬರಾದರೂ ನನ್ನನ್ನು ಶತ್ರುವಿನ ಹಾಗೆ ನೋಡುತ್ತಾರೆ. ಕಾಫಿ ಬಿಡಿ ಅಂತ ಹೇಳುತ್ತಿಲ್ಲ, ಸ್ವಲ್ಪ ಹೊತ್ತು ತಡೆದು ಕುಡಿಯಿರಿ. ಮಾತ್ರೆಯಿಂದ ಏರದಿದ್ದರೆ ರಕ್ತನಾಳಕ್ಕೆ ಕಬ್ಬಿಣದ ಡ್ರಿಪ್ ಕೊಡುವ ದಾರಿ ಇದೆ.

ಮೂರನೆಯದು ತಂಬಾಕು. ಇದಕ್ಕೆ ನಮ್ಮ ಕಡೆಯ ಉದಾಹರಣೆಯೇ ಸಾಕು. ಭದ್ರಾ ಕಾಲುವೆಯ ಕೊನೆ ಭಾಗದ ರೈತರ ಗೋಳು ನಿಮಗೆಲ್ಲ ಗೊತ್ತು. ಮೇಲ್ಭಾಗದವರ ಗದ್ದೆಗೆ ನೀರು ತುಂಬಿದ ಮೇಲೆ ಉಳಿದದ್ದು ಕೆಳಗಿನವರಿಗೆ. ಮೇಲೆ ಸ್ವಲ್ಪ ತೂಬು ಇಳಿಸಿದರೂ ಮೊದಲು ಒಣಗುವುದು ಕೊನೆಯ ಗದ್ದೆ. ಹೊಟ್ಟೆಯ ಆಪರೇಷನ್ನಿನಲ್ಲಿ ಚರ್ಮವನ್ನು ಕೆಳಗಿನ ಸ್ನಾಯುವಿನಿಂದ ಬಿಡಿಸಿ ಮೇಲಕ್ಕೆ ಎತ್ತುತ್ತೇವೆ. ಆಗ ನಡುವಿನಿಂದ ಬರುವ ಸಣ್ಣ ರಕ್ತನಾಳಗಳನ್ನು ಕತ್ತರಿಸಲೇಬೇಕು. ಆಮೇಲೆ ಆ ಚರ್ಮ ಬದುಕುವುದು ಪಕ್ಕದಿಂದ ಬರುವ ರಕ್ತದ ಮೇಲೆ. ಹೊಕ್ಕುಳಿನ ಕೆಳಗೆ, ಸರಿಯಾಗಿ ಮಧ್ಯದಲ್ಲಿ ಹೊಲಿಗೆ ಬೀಳುವ ಜಾಗ ಕಾಲುವೆಯ ಕೊನೆ. ನಿಕೋಟಿನ್ ರಕ್ತನಾಳವನ್ನು ಬಿಗಿ ಹಿಡಿಯುತ್ತದೆ, ಅಂದರೆ ಮೇಲೆ ತೂಬು ಇಳಿಸುತ್ತದೆ. ಕೆಳಗೆ ಚರ್ಮ ಕಪ್ಪಾಗುತ್ತದೆ.

ಸಿಗರೇಟು ಒಂದೇ ಅಂತ ತಿಳಿಯಬೇಡಿ. ಬೀಡಿ, ಗುಟ್ಕಾ, ಎಲೆ ಅಡಿಕೆ ಜೊತೆಯ ಹೊಗೆಸೊಪ್ಪು, ಕಡ್ಡಿಪುಡಿ, ಬಿಡಿಸಲು ಕೊಡುವ ನಿಕೋಟಿನ್ ಚೂಯಿಂಗ್ ಗಮ್, ಎಲ್ಲದರಲ್ಲೂ ಅದೇ ವಸ್ತು. ಆಪರೇಷನ್ನಿನ ಮುಂಚೆ ಕನಿಷ್ಠ ನಾಲ್ಕು ವಾರ, ಆದ ಮೇಲೆ ನಾಲ್ಕು ವಾರ ಪೂರ್ತಿ ಬಂದ್. ಒಬ್ಬರು "ಬಿಟ್ಟೆ ಸರ್, ದೇವರಾಣೆ" ಅಂದರು. ಮೂರನೇ ದಿನ ಹೊಲಿಗೆಯ ನಡುವೆ ಅಂಗೈ ಅಗಲ ಕಪ್ಪಾಯಿತು. ಆಮೇಲೆ ಗೊತ್ತಾಯಿತು, ಬಾತ್‌ರೂಮಿನಲ್ಲಿ ಗುಟ್ಕಾ ಹಾಕುತ್ತಿದ್ದರು. ಎರಡು ತಿಂಗಳು ಡ್ರೆಸ್ಸಿಂಗ್. ಆವತ್ತಿನಿಂದ ನಾನು ಮೂತ್ರದಲ್ಲಿ ಕೊಟಿನಿನ್ ಪರೀಕ್ಷೆ ಮಾಡಿಸುತ್ತೇನೆ, ನಿಕೋಟಿನ್ ಮೈಗೆ ಹೋಗಿದ್ದರೆ ಅದು ಹೇಳಿಬಿಡುತ್ತದೆ. ಸಿಟ್ಟು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಹಳೆಯ ಗಾಯದ ಗುರುತುಗಳನ್ನೂ ತೋರಿಸಿ. ಪಿತ್ತಕೋಶದ ಹಳೇ ಆಪರೇಷನ್ನಿನಲ್ಲಿ ಬಲ ಪಕ್ಕೆಲುಬಿನ ಕೆಳಗೆ ಓರೆಯಾಗಿ ಉದ್ದ ಕೊಯ್ದಿದ್ದರೆ ಆ ಕಡೆಯ ಕಾಲುವೆ ಆಗಲೇ ಒಡೆದಿದೆ ಅಂತ ಅರ್ಥ. ನಾವು ಪ್ಲಾನ್ ಬದಲಿಸಬೇಕಾಗುತ್ತದೆ. ಹರ್ನಿಯಾ ಇದ್ದರೆ ಎಷ್ಟೋ ಸಲ ಒಟ್ಟಿಗೇ ಸರಿಮಾಡಬಹುದು. ಇನ್ನೂ ಮಗು ಬೇಕು ಅನ್ನುವವರಿಗೆ ಹೊಟ್ಟೆಯ ಕೆಲಸ ಆಮೇಲೆ ಮಾಡೋಣ ಅನ್ನುತ್ತೇನೆ. ಬಸುರಿಯಾದರೆ ಅಪಾಯ ಅಂತಲ್ಲ. ಬಿಗಿ ಮಾಡಿದ ಸ್ನಾಯು, ಚರ್ಮ ಮತ್ತೆ ಹಿಗ್ಗಿದರೆ ಖರ್ಚು, ನೋವು ಎರಡೂ ದಂಡ.

ಇನ್ನು ಯಾವ ಆಪರೇಷನ್? ಹೆಸರುಗಳ ಗೊಂದಲ ತುಂಬಾ ಇದೆ. ಜೋತುಬಿದ್ದ ಭಾಗ ಮಾತ್ರ ತೆಗೆಯುವುದು ಒಂದು. 1899ರಲ್ಲೇ ಅಮೆರಿಕದ ಬಾಲ್ಟಿಮೋರಿನಲ್ಲಿ ಹೋವರ್ಡ್ ಕೆಲ್ಲಿ ಎಂಬ ವೈದ್ಯರು ಇದನ್ನು ವರದಿ ಮಾಡಿದ್ದರು. ಅಂದರೆ ಇದು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಟಮ್ಮಿ ಟಕ್ ಅಂದರೆ ಚರ್ಮ ತೆಗೆಯುವುದರ ಜೊತೆ ಅಗಲವಾದ ಹೊಟ್ಟೆ ಸ್ನಾಯುಗಳನ್ನು ಹತ್ತಿರ ತಂದು ಹೊಲಿದು, ಹೊಕ್ಕುಳನ್ನು ಹೊಸ ಜಾಗದಲ್ಲಿ ಹೊರತರುವುದು. ತುಂಬಾ ತೂಕ ಇಳಿಸಿದವರಿಗೆ ಚರ್ಮ ಮೇಲೆ ಕೆಳಗೆ ಮಾತ್ರವಲ್ಲ, ಅಡ್ಡಕ್ಕೂ ಸಡಿಲ. ಅವರಿಗೆ ನಡುವೆ ಉದ್ದಕ್ಕೂ ಒಂದು ಹೊಲಿಗೆ ಬೇಕಾಗಬಹುದು. ಕಡೆಗೆ ಗುರುತು ತಲೆಕೆಳಗಾದ ಇಂಗ್ಲಿಷ್ ಟಿ ಅಕ್ಷರದ ಹಾಗೆ ಕಾಣುತ್ತದೆ. ಲಿಪೊಸಕ್ಷನ್ ಕೊಬ್ಬು ಎಳೆಯುತ್ತದೆ, ಚರ್ಮ ತೆಗೆಯುವುದಿಲ್ಲ. ಜೋತುಬಿದ್ದ ಚರ್ಮಕ್ಕೆ ಬರೀ ಲಿಪೊಸಕ್ಷನ್ ಮಾಡಿದರೆ ಚೀಲ ಇನ್ನೂ ಖಾಲಿಯಾಗುತ್ತದೆ, ಅಷ್ಟೇ.

ಇಲ್ಲಿ ಒಂದು ವ್ಯಾಪಾರ ಇದೆ. ಚರ್ಮ ಕೊಟ್ಟು ಗಾಯದ ಗುರುತು ತಗೊಳ್ಳುತ್ತೀರಿ. ಗುರುತೇ ಇಲ್ಲದೆ ಮಾಡುತ್ತೇವೆ ಅನ್ನುವವರನ್ನು ನಂಬಬೇಡಿ. 1990ರ ದಶಕದಲ್ಲಿ ಟೆಡ್ ಲಾಕ್‌ವುಡ್ ಎಂಬ ಸರ್ಜನ್ ಎಳೆತದ ಭಾರವನ್ನು ಮೇಲಿನ ಚರ್ಮಕ್ಕೆ ಬಿಡದೆ ಒಳಗಿನ ಗಟ್ಟಿ ಪೊರೆಗೆ ಹೊರಿಸುವ ದಾರಿ ತೋರಿಸಿದ ಮೇಲೆ ಗುರುತುಗಳು ಮೊದಲಿಗಿಂತ ತೆಳುವಾಗಿವೆ. ಆದರೂ ನಮ್ಮ ಬಣ್ಣದ ಚರ್ಮದಲ್ಲಿ ಗುರುತು ಕಪ್ಪಾಗುವುದು, ಉಬ್ಬುವುದು ಜಾಸ್ತಿ. ಅದು ಮಾಸಲು ವರ್ಷ, ಒಂದೂವರೆ ವರ್ಷ ಬೇಕು. ಹೊಟ್ಟೆಯದನ್ನು ಬಟ್ಟೆ ಮುಚ್ಚುತ್ತದೆ. ತೋಳಿನದು ಮುಚ್ಚುವುದಿಲ್ಲ. ಕಂಕುಳಿನಿಂದ ಮೊಣಕೈವರೆಗೆ ಗೆರೆ. ಹಾಗಾಗಿ ತೋಳಿಗೆ ಬರುವವರಿಗೆ ನಾನೊಂದು ಕೆಲಸ ಕೊಡುತ್ತೇನೆ. ಮನೆಗೆ ಹೋಗಿ ಕಾಜಲ್‌ನಿಂದ ಆ ಗೆರೆ ಎಳೆದುಕೊಂಡು ಒಂದು ದಿನ ಓಡಾಡಿ. ಜೋತಾಡುವ ಚರ್ಮಕ್ಕಿಂತ ಗೆರೆಯೇ ವಾಸಿ ಅನಿಸಿದರೆ ಬನ್ನಿ. ಅರ್ಧಕ್ಕರ್ಧ ಜನ ಬರುತ್ತಾರೆ. ಉಳಿದವರು ಉದ್ದ ತೋಳಿನ ರವಿಕೆ ಹೊಲಿಸಿಕೊಂಡು ಆರಾಮಾಗಿದ್ದಾರೆ.

ಆಪರೇಷನ್ ದಿನ ಬೆಳಿಗ್ಗೆ ನಿಮ್ಮನ್ನು ನಿಲ್ಲಿಸಿಕೊಂಡು ಮಾರ್ಕರ್ ಪೆನ್ನಿನಲ್ಲಿ ಗುರುತು ಹಾಕುತ್ತೇವೆ. ಮಲಗಿದರೆ ಚರ್ಮ ಪಕ್ಕಕ್ಕೆ ಜಾರುತ್ತದೆ, ಲೆಕ್ಕ ತಪ್ಪುತ್ತದೆ. ಆಗ ದಿನಾ ಹಾಕುವ ಒಳಬಟ್ಟೆಯನ್ನೇ ಹಾಕಿಕೊಂಡು ಬನ್ನಿ. ಲಂಗ ಎಲ್ಲಿ ಕಟ್ಟುತ್ತೀರಿ, ಪಂಚೆ ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿ. ಲಾಡಿ ಹೊಸ ಗಾಯವನ್ನು ಉಜ್ಜಬಾರದು.

ಎಲ್ಲ ಒಟ್ಟಿಗೇ ಯಾಕೆ ಬೇಡ? ಹೊತ್ತು ಜಾಸ್ತಿಯಾದಷ್ಟೂ ಮೈ ತಣ್ಣಗಾಗುತ್ತದೆ, ರಕ್ತ ಹೋಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ನನ್ನ ಮಿತಿ ಸುಮಾರು ಆರು ಗಂಟೆ. ಸಾಮಾನ್ಯವಾಗಿ ಹೊಟ್ಟೆ, ಸೊಂಟ ಮೊದಲು. ಅದನ್ನು ಎತ್ತಿ ಹೊಲಿದಾಗ ತೊಡೆಯ ಹೊರಭಾಗವೂ ಸ್ವಲ್ಪ ಮೇಲೇಳುತ್ತದೆ. ಮೂರರಿಂದ ಆರು ತಿಂಗಳು ಬಿಟ್ಟು ತೋಳು, ಎದೆ. ಒಳತೊಡೆ ಕೊನೆಗೆ. ಅಲ್ಲಿ ಗಾಯ ಮಾಯುವುದು ನಿಧಾನ, ಬೆವರು, ಉಜ್ಜಾಟ ಬೇರೆ. ಆದರೆ ಇದು ನನ್ನ ಕ್ರಮ. ನಿಮಗೆ ಎದೆಯೇ ದೊಡ್ಡ ಚಿಂತೆಯಾದರೆ ಅಲ್ಲಿಂದಲೇ ಶುರುಮಾಡಬಹುದು.

ರಕ್ತ ಹೆಪ್ಪುಗಟ್ಟುವ ಮಾತು ಬಂತಲ್ಲ, ನಾನು ನಿಜವಾಗಿ ಹೆದರುವುದು ಇದಕ್ಕೇ. ಕಾಲಿನ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣ ಹೋಗಬಹುದು. ಹಿಂದೆ ಯಾವತ್ತಾದರೂ ಕಾಲು ಊದಿಕೊಂಡು ಹೀಗಾಗಿತ್ತಾ, ಮನೆಯಲ್ಲಿ ಯಾರಿಗಾದರೂ ಆಗಿತ್ತಾ, ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತೀರಾ, ಎಲ್ಲ ಹೇಳಿ. ಆಪರೇಷನ್ ಆದ ಸಂಜೆಯೋ ಮರುದಿನ ಬೆಳಿಗ್ಗೆಯೋ ನಿಮ್ಮನ್ನು ಎಬ್ಬಿಸಿ ನಡೆಸುತ್ತೇವೆ. ಮುದುಕರ ಹಾಗೆ ಬಗ್ಗಿಯೇ ನಡೆಯಬೇಕು, ನೆಟ್ಟಗಾದರೆ ಹೊಲಿಗೆ ಎಳೆಯುತ್ತದೆ. ಪಾಪ, ಇಷ್ಟು ಬೇಗ ನಡೆಸುತ್ತಾರಲ್ಲ ಅಂತ ಮನೆಯವರು ಬೈಯುತ್ತಾರೆ. ಬೈಯಲಿ. ಅಮೆರಿಕದಿಂದಲೋ ದುಬೈಯಿಂದಲೋ ಮೂರು ವಾರದ ರಜೆ ಹಾಕಿ ಬರುವ ನಮ್ಮವರಿಗೂ ಇದಕ್ಕೇ ಆಗಲ್ಲ ಅನ್ನುತ್ತೇನೆ. ವಿಮಾನದಲ್ಲಿ ಕಾಲು ಮಡಚಿ ಹದಿನೈದು ಗಂಟೆ ಕೂರುವುದು ಹೆಪ್ಪಿಗೆ ಆಹ್ವಾನ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಇಲ್ಲೇ ಇರುವುದಾದರೆ ಮಾತ್ರ ಬನ್ನಿ.

ಈಗ ಯಾರೂ ಕೇಳದ ವಿಷಯ. ನಿಮ್ಮ ಮನೆಯ ಪಾಯಿಖಾನೆ ಯಾವ ಥರದ್ದು? ನಗಬೇಡಿ. ಹೊಟ್ಟೆ ಬಿಗಿಮಾಡಿದ ಮೇಲೆ ಕುಕ್ಕರಗಾಲಿನಲ್ಲಿ ಕೂರಲು ವಾರಗಟ್ಟಲೆ ಆಗುವುದಿಲ್ಲ. ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತರಿಸಿಡಿ. ನೆಲದ ಮೇಲೆ ಹಾಸಿಗೆ ಹಾಸಿ ಮಲಗುವವರು ಮಂಚ ಹೊಂದಿಸಿಕೊಳ್ಳಿ, ತಲೆ ಎತ್ತರ, ಮೊಣಕಾಲಿನ ಕೆಳಗೆ ದಿಂಬು. ಆರು ವಾರ ನೀರಿನ ಕೊಡ ಎತ್ತಬಾರದು, ಸಿಲಿಂಡರ್ ಎಳೆಯಬಾರದು, ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳಬಾರದು. ಬಾಣಂತಿಗೆ ಮಾಡುವ ಆರೈಕೆ ನೆನಪಿಸಿಕೊಳ್ಳಿ. ಅಷ್ಟು ಮಾಡುವವರು ಮನೆಯಲ್ಲಿ ಯಾರಿದ್ದಾರೆ? ಹೆಂಗಸರಿಗೆ ಈ ಪ್ರಶ್ನೆ ಕೇಳಿದರೆ ಎಷ್ಟೋ ಸಲ ಉತ್ತರ ಬರುವುದಿಲ್ಲ. ಉತ್ತರ ಬರುವವರೆಗೆ ನಾನು ಡೈರಿ ತೆಗೆಯುವುದಿಲ್ಲ.

ಹೊಟ್ಟೆಯಿಂದ ಒಂದೆರಡು ಡ್ರೈನ್ ಕೊಳವೆ ಹೊರಗೆ ಬಂದಿರುತ್ತದೆ. ಅದರಲ್ಲಿ ಸೇರುವ ನೀರನ್ನು ಅಳೆದು ಅದೇ ಕ್ಯಾಲೆಂಡರಿನಲ್ಲಿ ಬರೆಯಬೇಕು. ದಿನಕ್ಕೆ 30 ಎಂಎಲ್‌ಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತೇವೆ. ಬಿಗಿ ಬಟ್ಟೆ ನಾಲ್ಕರಿಂದ ಆರು ವಾರ ಹಾಕಬೇಕು. ಎರಡು ಜೊತೆ ತಗೊಳ್ಳಿ, ಒಂದು ಒಗೆಯುವಾಗ ಇನ್ನೊಂದು. ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಹಾಕಿಕೊಳ್ಳುವುದು ಶಿಕ್ಷೆ. ಆದ್ದರಿಂದ ನವೆಂಬರ್, ಡಿಸೆಂಬರ್ ಒಳ್ಳೆ ಕಾಲ. ಹೊಲಿಗೆ ಅಲ್ಲಲ್ಲಿ ಬಿಚ್ಚುವುದು, ನೀರು ತುಂಬುವುದು ಅಪರೂಪವೇನಲ್ಲ, ಡ್ರೆಸ್ಸಿಂಗಿನಿಂದ ಸರಿಹೋಗುತ್ತದೆ. ಆದರೆ ಒಂದೇ ಕಾಲು ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ, ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿದರೆ, ಚರ್ಮ ಕಪ್ಪಾದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಫೋನ್ ಮಾಡಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಆರೋಗ್ಯ ವಿಮೆಯ ಪುಸ್ತಕದಲ್ಲಿ ಎಕ್ಸ್‌ಕ್ಲೂಷನ್ 08 ಅಂತ ಇರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಬಿಟ್ಟು, ರೂಪ ಬದಲಿಸುವ ಆಪರೇಷನ್ನಿಗೆ ಹಣ ಇಲ್ಲ. ಆದರೆ ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ಇದೆ ಅಂತ ವೈದ್ಯರು ಬರೆದುಕೊಟ್ಟರೆ ಕೇಳುವ ಅವಕಾಶ ಉಂಟು. ಮೊದಲು ಹೇಳಿದ ಹುಣ್ಣಿನ ಫೋಟೋ, ಚೀಟಿಗಳು ಬೇಕಾಗುವುದು ಆಗ. ಸಿಕ್ಕೇ ಸಿಗುತ್ತದೆ ಅಂತ ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಎಸ್ಟಿಮೇಟ್ ಬರಹದಲ್ಲಿ ಕೇಳಿ. ಮತ್ತೆ ಸಣ್ಣದಾಗಿ ಸರಿಮಾಡಬೇಕಾಗಿ ಬಂದರೆ ಆ ಖರ್ಚು ಯಾರದು ಅಂತಲೂ ಕೇಳಿ.

ಮಾಡುವವರು ಯಾರು? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಆಪರೇಷನ್ನಿನ ಬೆನ್ನಲ್ಲೇ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಅಲ್ಲಿ ಯಾರ ತಪ್ಪು ಎಷ್ಟು ಅಂತ ಹೇಳುವವನು ನಾನಲ್ಲ. ಆದರೆ ಆಮೇಲೆ ನನ್ನ ಕೋಣೆಗೆ ಬಂದವರೆಲ್ಲ ಮೊದಲು ಕೇಳಿದ್ದು "ಇಲ್ಲಿ ಐಸಿಯು ಇದೆಯಾ?" ಒಳ್ಳೆ ಪ್ರಶ್ನೆ. ಎಲ್ಲಿ ಹೋದರೂ ಕೇಳಿ. ಅರಿವಳಿಕೆ ತಜ್ಞರು ಕೊನೆಯವರೆಗೆ ಇರುತ್ತಾರಾ ಅಂತ ಕೇಳಿ. ಸರ್ಜನ್ ಓದಿದ್ದು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ.ನಾ ಅಂತ ನೋಡಿ. ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆಗಳಿಗೆ ಕೆ.ಪಿ.ಎಂ.ಇ. ಕಾಯ್ದೆಯ ಕೆಳಗೆ ನೋಂದಣಿ ಇರಬೇಕು. ಆ ಪ್ರಮಾಣಪತ್ರ ಗೋಡೆಯ ಮೇಲೆ ಕಾಣುತ್ತದಾ ನೋಡಿ. ಇದನ್ನೆಲ್ಲ ಕೇಳಿದರೆ ಮುಖ ಸಿಂಡರಿಸುವ ಡಾಕ್ಟರಿದ್ದರೆ ಎದ್ದು ಬನ್ನಿ.

ಆ ಶಿಕ್ಷಕಿಯ ಕಥೆ ಹೇಳಲಿಲ್ಲ ಅಲ್ವಾ? ಮಗಳ ಮದುವೆಯಲ್ಲಿ ಉದ್ದ ತೋಳಿನ ರವಿಕೆ ಹಾಕಿಕೊಂಡು ಓಡಾಡಿದರಂತೆ. ಒಂದು ವರ್ಷ ಈ ಕಡೆ ತಲೆ ಹಾಕಲಿಲ್ಲ. ಬೇರೆ ಕಡೆ ಮಾಡಿಸಿರಬೇಕು ಅಂದುಕೊಂಡೆ. ಮುಂದಿನ ನವೆಂಬರಿನಲ್ಲಿ ಬಂದರು, ಕೈಯಲ್ಲಿ ಕ್ಯಾಲೆಂಡರಿನ ಆರು ಹಾಳೆ. ಹಾಲು, ಪೇಪರು, ಗ್ಯಾಸ್ ಲೆಕ್ಕದ ನಡುವೆ 71, 70, 71, 71. ಹಿಮೋಗ್ಲೋಬಿನ್ 12.4. ತೋಳು ಬೇಡ, ಹೊಟ್ಟೆ ಒಂದೇ ಸಾಕು ಅಂದರು. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂದೆ. "ಮಗಳು ಬರ್ತಾಳೆ, ಅಳಿಯಂದಿರಿಗೂ ಹೇಳಿ ಆಗಿದೆ. ಕಮೋಡ್ ಕುರ್ಚಿನೂ ತಂದಿದೀವಿ."

ಪ್ರಶ್ನೆ ಕೇಳಿ ಅಂದಾಗ ಸಭೆಯಲ್ಲಿ ಕೈ ಎತ್ತಿದವರು ಇಬ್ಬರೇ. ಒಬ್ಬ ಅಜ್ಜಿ ತಮಗೆ 66, ಈ ವಯಸ್ಸಿಗೆ ಇದೆಲ್ಲ ಬೇಕಾ ಅಂತ ಕೇಳಿದರು. ಮಡಿಕೆಯ ಹುಣ್ಣಿನಿಂದ ರಾತ್ರಿ ನಿದ್ದೆ ಬರುತ್ತಿಲ್ಲ ಅಂತ ಆಮೇಲೆ ಸೇರಿಸಿದರು. ಹೃದಯ, ರಕ್ತ ಎಲ್ಲ ಸರಿ ಇದ್ದರೆ ವಯಸ್ಸು ಒಂದೇ ಅಡ್ಡಿಯಲ್ಲ, ಮೊದಲು ಆ ಹುಣ್ಣಿಗೆ ಔಷಧಿ ಮಾಡೋಣ ಅಂದೆ. ಇನ್ನೊಬ್ಬರು ಖರ್ಚು ಎಷ್ಟು ಅಂತ ಕೇಳಿದರು. ನೋಡದೆ ಹೇಳಲಾರೆ ಅಂದದ್ದಕ್ಕೆ ಅವರಿಗೆ ಸಮಾಧಾನ ಆಗಲಿಲ್ಲ.

ಮೈಕ್ ಆಫ್ ಆದ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದಾಗ ಒಬ್ಬ ಹುಡುಗ ಪಕ್ಕಕ್ಕೆ ಬಂದ. ಇಪ್ಪತ್ತೈದಿರಬಹುದು. 40 ಕಿಲೋ ಇಳಿಸಿದ್ದಾನಂತೆ. ಎದೆಯ ಚರ್ಮ ಜೋತುಬಿದ್ದಿದೆ, ಅದು ಕಾಣಬಾರದು ಅಂತ ಒಂದರ ಮೇಲೊಂದು ಎರಡು ಬನಿಯನ್ ಹಾಕುತ್ತಾನಂತೆ, ಈ ಸೆಖೆಯಲ್ಲೂ. "ಗಂಡಸರಿಗೂ ಮಾಡ್ತೀರಾ ಸರ್?" ಅಂತ ಮೆಲ್ಲಗೆ ಕೇಳಿದ. ಮಾಡ್ತೀವಿ ಅಂದೆ. ತೂಕ ನಿಂತು ಎಷ್ಟು ತಿಂಗಳಾಯಿತು ಅಂತ ಕೇಳಿದೆ. ಅವನು ಮೊಬೈಲ್ ತೆಗೆದು ಲೆಕ್ಕ ಹಾಕತೊಡಗಿದ.